ದಾರಿ ತೋರುವವನು ಅಲ್ಲಾಹನು, ವಿಚಾರಿಸಬೇಕಾದವರು ನಾವು
(ಕಡಬದಲ್ಲಿ ಮುಸ್ಲಿಮ್ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)





ಕಡಬ, ಗುಬ್ಬಿ, ಕುಣಿಗಲ್, ತುಮಕೂರು ಮುಂತಾದ ಊರುಗಳ ನಮ್ಮ ಮನೆಗಳಲ್ಲಿ ಮಗನಿಗೆ ಇಪ್ಪತ್ತು ದಾಟುತ್ತಲೇ ಒಂದು ಪ್ರಶ್ನೆ ಏಳುತ್ತದೆ. ಯಾವ ದೇಶಕ್ಕೆ ಕಳಿಸುವುದು? ಹಿಂದೆ ಈ ಪ್ರಶ್ನೆಗೆ ಇದ್ದುದು ಒಂದೇ ಉತ್ತರ, ಗಲ್ಫ್. ಸೌದಿಯೋ ದುಬೈಯೋ ಕುವೈತೋ ಎಂಬಷ್ಟೇ ಆಯ್ಕೆ. ಇಂದು ಪಟ್ಟಿ ಉದ್ದವಾಗಿದೆ. ನರ್ಸಿಂಗ್ ಓದಿದ ಮಗಳಿಗೆ ಜರ್ಮನಿ, ಇಂಜಿನಿಯರಿಂಗ್ ಓದಿದವನಿಗೆ ಕೆನಡಾ, ಏನೂ ಓದದವನಿಗೆ ಯಾರೋ ಏಜೆಂಟ್ ಹೇಳಿದ ದೇಶ. ಕೇಳಿದರೆ ಮನೆಯವರು ಹೇಳುವ ಮಾತು ಒಂದೇ: ಅಲ್ಲಾಹನು ಎಲ್ಲಿ ದಾರಿ ತೋರಿಸುತ್ತಾನೋ ಅಲ್ಲಿಗೆ.

ಇದು ಒಳ್ಳೆಯ ಮಾತು, ವಿಶ್ವಾಸಿಯ ಬಾಯಲ್ಲಿ ಇರಬೇಕಾದ ಮಾತು. ಆದರೆ ಈ ಮಾತಿನ ಹಿಂದೆ ಒಂದು ಪ್ರಶ್ನೆ ಉಳಿಯುತ್ತದೆ. ಅಲ್ಲಾಹನು ದಾರಿ ತೋರಿಸುವುದು ಹೇಗೆ? ಏಜೆಂಟನ ಫೋನ್ ಕರೆ ಬಂದದ್ದೇ ದಾರಿಯೇ? ವೀಸಾ ಸಲೀಸಾಗಿ ಸಿಕ್ಕಿತೆಂಬುದೇ ಸೂಚನೆಯೇ? ಬೆಳಗಿನ ಜಾವ ಬಿದ್ದ ಕನಸೇ ಅಪ್ಪಣೆಯೇ? ಇಂದು ನಾವು ಮಾತಾಡಬೇಕಾದುದು ಇದನ್ನು ಕುರಿತು.

ಮೊದಲಿಗೆ ಪ್ರವಾದಿ ಮೂಸಾರ(ಅ) ಬದುಕನ್ನು ನೋಡೋಣ. ಪವಿತ್ರ ಕುರ್‌ಆನಿನ 28ನೆಯ ಅಧ್ಯಾಯವಾದ ಅಲ್ ಕಸಸ್‌ನಲ್ಲಿ ಅವರು ಈಜಿಪ್ಟನ್ನು ಬಿಟ್ಟು ಮದ್‌ಯನ್‌ಗೆ ಹೋದ ವೃತ್ತಾಂತವಿದೆ. ಊರು ಬಿಟ್ಟು ಅನ್ನ ಹುಡುಕಿ ಹೊರಟ ಯುವಕನ ಕಥೆಯೆಂದು ಅದನ್ನು ಓದಿದರೆ, ಅದು ನಮ್ಮ ಮನೆಯ ಮಕ್ಕಳಿಗಾಗಿಯೇ ಅವತೀರ್ಣವಾದಂತೆ ತೋರುತ್ತದೆ. ಪಟ್ಟಣದ ಆಚೆ ತುದಿಯಿಂದ ಒಬ್ಬ ವ್ಯಕ್ತಿ ಓಡೋಡಿ ಬಂದು, ನಿಮ್ಮನ್ನು ಕೊಲ್ಲಲು ಸಂಚು ನಡೆದಿದೆ, ಹೊರಟುಬಿಡಿ ಎಂದು ಎಚ್ಚರಿಸುತ್ತಾನೆ. ಮೂಸಾ(ಅ) ಆ ಹಿತವಚನವನ್ನು ಕಡೆಗಣಿಸಲಿಲ್ಲ. ಮದ್‌ಯನ್ ಕಡೆಗೆ ಮುಖ ಮಾಡಿದಾಗ ತಮ್ಮ ಪ್ರಭು ಸರಿಯಾದ ದಾರಿಯಲ್ಲಿ ನಡೆಸಿಯಾನು ಎಂಬ ಭರವಸೆಯನ್ನು ವ್ಯಕ್ತಪಡಿಸಿದರು. ಅಲ್ಲಿಗೆ ತಲಪಿದಾಗ ಅವರ ಬಳಿ ಹಣವಿರಲಿಲ್ಲ, ಪರಿಚಯವಿರಲಿಲ್ಲ. ನೀರಿನ ಬಳಿ ತಮ್ಮ ಕುರಿಗಳನ್ನು ತಡೆದು ನಿಂತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಪ್ರತಿಫಲ ಕೇಳದೆ ನೆರವಾದರು. ಆಮೇಲೆ ನೆರಳಿಗೆ ಸರಿದು, ಅಲ್ಲಾಹನು ಇಳಿಸುವ ಯಾವ ಒಳಿತಿಗಾದರೂ ತಾವು ಹಸಿದಿದ್ದೇವೆಂದು ಬೇಡಿಕೊಂಡರು.

ಸಾಮಾನ್ಯವಾಗಿ ನಮ್ಮ ಪ್ರವಚನಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಕುರ್‌ಆನ್ ಮುಂದಕ್ಕೆ ಹೋಗುತ್ತದೆ. ಆ ಹೆಣ್ಣುಮಕ್ಕಳ ತಂದೆ ಅವರನ್ನು ಕರೆಸಿ ಮಾತಾಡುತ್ತಾರೆ. ಆಳನ್ನು ಇಟ್ಟುಕೊಳ್ಳುವುದಾದರೆ ಬಲಿಷ್ಠನೂ ಪ್ರಾಮಾಣಿಕನೂ ಆದ ಇವರನ್ನೇ ಇಟ್ಟುಕೊಳ್ಳಬೇಕೆಂದು ಮಗಳು ಸಲಹೆ ಕೊಡುತ್ತಾಳೆ. ಆಗ ಒಂದು ಒಪ್ಪಂದವಾಗುತ್ತದೆ. ಮಗಳೊಂದಿಗೆ ವಿವಾಹ, ಅದಕ್ಕೆ ಪ್ರತಿಯಾಗಿ ಎಂಟು ವರ್ಷಗಳ ದುಡಿಮೆ. ಹತ್ತು ವರ್ಷ ಪೂರೈಸಿದರೆ ಅದು ದುಡಿಯುವವನ ಔದಾರ್ಯ, ಕಡ್ಡಾಯವಲ್ಲ. ಕಷ್ಟ ಕೊಡುವುದಿಲ್ಲವೆಂದು ಯಜಮಾನ ಮಾತು ಕೊಡುತ್ತಾರೆ. ಎರಡು ಅವಧಿಗಳಲ್ಲಿ ಯಾವುದನ್ನು ಪೂರೈಸಿದರೂ ತಮ್ಮ ಮೇಲೆ ಬಲವಂತ ಇರಕೂಡದೆಂದು ಮೂಸಾ(ಅ) ಸ್ಪಷ್ಟಪಡಿಸುತ್ತಾರೆ. ಈ ಮಾತಿಗೆ ಅಲ್ಲಾಹನು ಸಾಕ್ಷಿ.

ಸಹೋದರರೇ, ಇದನ್ನು ಗಮನಿಸಿ. ನೆರಳಲ್ಲಿ ಕೂತು ಮಾಡಿದ ಪ್ರಾರ್ಥನೆಗೆ ಅಲ್ಲಾಹನು ಕೊಟ್ಟ ಉತ್ತರ ಏನಾಗಿತ್ತು? ಅವಧಿ ನಿಗದಿಯಾದ, ಶರತ್ತು ಸ್ಪಷ್ಟವಾಗಿದ್ದ, ಎರಡೂ ಕಡೆಯವರು ಒಪ್ಪಿದ ಒಂದು ಉದ್ಯೋಗ ಒಪ್ಪಂದ! ಅಲ್ಲಾಹನ ಮೇಲೆ ಭರವಸೆಯಿಟ್ಟ ಪ್ರವಾದಿಯೊಬ್ಬರು ತಮ್ಮ ದುಡಿಮೆಯ ಅವಧಿ ಎಷ್ಟೆಂದು ಬಾಯಿ ಬಿಟ್ಟು ಖಚಿತಪಡಿಸಿಕೊಂಡಿರುವಾಗ, ನಮ್ಮ ಮಗ ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿ, ತವಕ್ಕುಲ್ ಎಂದರೆ ಅದು ಯಾವ ತವಕ್ಕುಲ್?

ಇನ್ನು ಪ್ರವಾದಿವರ್ಯರ(ಸ) ಜೀವನಕ್ಕೆ ಬರೋಣ. ಮಕ್ಕಾದಲ್ಲಿ ಬದುಕು ದುಸ್ತರವಾದಾಗ, ಕ್ರಿ.ಶ. 615ರಲ್ಲಿ ಅವರು ಅನುಚರರನ್ನು ಅಬಿಸೀನಿಯಕ್ಕೆ ಹೋಗುವಂತೆ ಹೇಳಿದರು. ಆ ದೇಶವನ್ನೇ ಏಕೆ ಆರಿಸಿದರು? ಅಲ್ಲಿ ಚಿನ್ನ ಹೆಚ್ಚಿದೆಯೆಂದಲ್ಲ, ಅಲ್ಲಿ ಮುಸ್ಲಿಮರಿದ್ದಾರೆಂದೂ ಅಲ್ಲ. ಅಲ್ಲಿನ ಕ್ರೈಸ್ತ ದೊರೆಯ ಆಳ್ವಿಕೆಯಲ್ಲಿ ಯಾರ ಮೇಲೂ ಅನ್ಯಾಯವಾಗುವುದಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಕುರೈಶರ ದೂತರು ಉಡುಗೊರೆ ಹೊತ್ತು ಬಂದು ವಲಸೆ ಬಂದವರನ್ನು ಒಪ್ಪಿಸಬೇಕೆಂದಾಗ, ಆ ದೊರೆ ಎರಡೂ ಕಡೆಯ ಮಾತು ಕೇಳಿದ ನಂತರವೇ ತೀರ್ಪು ಕೊಟ್ಟನು. ದೇಶವನ್ನು ಆರಿಸುವ ಪ್ರವಾದಿ ಮಾನದಂಡ ಇದು. ಸಂಬಳ ಎಷ್ಟೆಂದು ಕೇಳುವುದು ತಪ್ಪಲ್ಲ. ಆದರೆ ಸಂಬಳ ಕೊಡದಿದ್ದರೆ ನಮ್ಮ ಮಾತನ್ನು ಕೇಳುವವರು ಅಲ್ಲಿ ಇದ್ದಾರೆಯೇ ಎಂಬ ಪ್ರಶ್ನೆಯನ್ನು ಅದಕ್ಕೂ ಮೊದಲು ಕೇಳಬೇಕು.

ಮದೀನಾದ ಹಿಜ್ರತ್ ಕೂಡಾ ಹೀಗೆಯೇ. ಕ್ರಿ.ಶ. 621 ಮತ್ತು 622ರಲ್ಲಿ ಅಕಬದಲ್ಲಿ ಪ್ರತಿಜ್ಞೆಗಳಾದವು. ಹ. ಮುಸ್‌ಅಬ್ ಬಿನ್ ಉಮೈರ್‌ರನ್ನು(ರ) ಮೊದಲೇ ಅಲ್ಲಿಗೆ ಕಳಿಸಲಾಯಿತು. ಹ. ಅಬೂಬಕರ್(ರ) ತಿಂಗಳುಗಟ್ಟಲೆ ಮೊದಲೇ ಎರಡು ಒಂಟೆಗಳನ್ನು ಮೇಯಿಸಿ ಸಿದ್ಧಗೊಳಿಸಿದ್ದರು. ದಾರಿ ಬಲ್ಲವನೆಂಬ ಕಾರಣಕ್ಕೆ ಮುಸ್ಲಿಮನಲ್ಲದ ಅಬ್ದುಲ್ಲಾ ಬಿನ್ ಉರೈಕಿತ್‌ನನ್ನು ಕೂಲಿಗೆ ಗೊತ್ತುಪಡಿಸಲಾಯಿತು. ಮದೀನಾ ಇರುವುದು ಉತ್ತರಕ್ಕೆ. ಆದರೂ ಮೊದಲು ದಕ್ಷಿಣದ ಸೌರ್ ಗುಹೆಯಲ್ಲಿ ಮೂರು ರಾತ್ರಿ ಕಳೆದರು. ಜನರು ನಂಬಿ ಇಟ್ಟಿದ್ದ ಸೊತ್ತುಗಳನ್ನು ಹಿಂದಿರುಗಿಸಲು ಹ. ಅಲಿಯವರನ್ನು(ರ) ಊರಲ್ಲಿ ಉಳಿಸಿದರು. ಇಷ್ಟೆಲ್ಲ ಮಾಡಿದ ಮೇಲೆ, ಶತ್ರುಗಳು ಗುಹೆಯ ಬಾಯಿಗೇ ಬಂದು ನಿಂತಾಗ, ಅಲ್ಲಾಹನು ನಮ್ಮೊಂದಿಗಿದ್ದಾನೆಂದು ಸಂಗಾತಿಗೆ ಧೈರ್ಯ ಹೇಳಿದರು. ತವಕ್ಕುಲ್ ಸಿದ್ಧತೆಯ ಬದಲಿಗೆ ಬರುವುದಲ್ಲ, ಸಿದ್ಧತೆಯ ನಂತರ ಬರುವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಈಗ ಇಸ್ತಿಖಾರದ ವಿಷಯ. ಸಹೀಹುಲ್ ಬುಖಾರಿಯಲ್ಲಿ ಹ. ಜಾಬಿರ್ ಬಿನ್ ಅಬ್ದುಲ್ಲಾರ(ರ) ವರದಿಯಿದೆ. ಪ್ರವಾದಿವರ್ಯರು(ಸ) ಕುರ್‌ಆನಿನ ಅಧ್ಯಾಯವನ್ನು ಕಲಿಸುವಷ್ಟೇ ಮಹತ್ವ ಕೊಟ್ಟು ಅನುಚರರಿಗೆ ಇಸ್ತಿಖಾರವನ್ನು ಕಲಿಸುತ್ತಿದ್ದರು. ಎರಡು ರಕಅತ್ ಐಚ್ಛಿಕ ನಮಾಝ್, ನಂತರ ಒಂದು ಪ್ರಾರ್ಥನೆ. ಅದರ ತಿರುಳು ಇಷ್ಟು: ಈ ಕಾರ್ಯ ನನ್ನ ಧರ್ಮಕ್ಕೂ ಬದುಕಿಗೂ ಅಂತ್ಯಕ್ಕೂ ಒಳಿತಾಗಿದ್ದರೆ ಸುಲಭಗೊಳಿಸು, ಕೆಡುಕಾಗಿದ್ದರೆ ಅದನ್ನು ನನ್ನಿಂದಲೂ ನನ್ನನ್ನು ಅದರಿಂದಲೂ ದೂರವಿರಿಸು, ಒಳಿತು ಎಲ್ಲಿದ್ದರೂ ಅದರಲ್ಲಿ ನನಗೆ ತೃಪ್ತಿ ಕೊಡು.

ಇಲ್ಲಿ ನಾಲ್ಕು ಸಂಗತಿಗಳನ್ನು ತಿಳಿಯಬೇಕು. ಒಂದು, ಈ ಪ್ರಾರ್ಥನೆಯಲ್ಲಿ ಕನಸಿನ ಪ್ರಸ್ತಾಪವೇ ಇಲ್ಲ. ಹಸಿರು ಕಂಡರೆ ಹೋಗು, ಕಪ್ಪು ಕಂಡರೆ ಬಿಡು ಎಂಬುದೆಲ್ಲ ಜನರು ಸೇರಿಸಿಕೊಂಡದ್ದು. ಎರಡು, ಇದು ಹೋಗಬೇಕಾದವನೇ ಮಾಡಬೇಕಾದ ಪ್ರಾರ್ಥನೆ. ಹಣ ಕೊಟ್ಟು ಇನ್ನೊಬ್ಬರಿಂದ ಮಾಡಿಸುವ ಸೇವೆಯಲ್ಲ. ಮೂರು, ನಿಷಿದ್ಧವಾದ ಕೆಲಸಕ್ಕೆ ಇಸ್ತಿಖಾರ ಇಲ್ಲ. ಖೋಟಾ ಪ್ರಮಾಣಪತ್ರ ತೋರಿಸಿ ಹೋಗಲೇ, ಪ್ರವಾಸಿ ವೀಸಾದಲ್ಲಿ ಹೋಗಿ ಕದ್ದು ದುಡಿಯಲೇ, ಬಡ್ಡಿಗೆ ಸಾಲ ತೆಗೆಯಲೇ ಎಂದು ಅಲ್ಲಾಹನಲ್ಲಿ ಕೇಳುವಂತಿಲ್ಲ. ಅದಕ್ಕೆ ಉತ್ತರ ಆಗಲೇ ಬಂದಿದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಇಸ್ತಿಖಾರ ಮಾಡುವವನ ಮನಸ್ಸಿನಲ್ಲಿ ಬೇಡ ಎಂಬ ಉತ್ತರಕ್ಕೂ ಜಾಗವಿರಬೇಕು. ನಮ್ಮಲ್ಲಿ ಅನೇಕರು ಪಾಸ್‌ಪೋರ್ಟ್ ಏಜೆಂಟನ ಕೈಗೆ ಕೊಟ್ಟು, ಮುಂಗಡ ಕಟ್ಟಿ, ಹೆಂಡತಿಯ ಒಡವೆ ಅಡವಿಟ್ಟು, ಊರಿಗೆಲ್ಲ ಸಿಹಿ ಹಂಚಿದ ಮೇಲೆ ಇಸ್ತಿಖಾರಕ್ಕೆ ನಿಲ್ಲುತ್ತಾರೆ. ಅದು ಮಾರ್ಗದರ್ಶನ ಬೇಡುವುದಲ್ಲ, ಆಗಲೇ ಮಾಡಿದ ತೀರ್ಮಾನಕ್ಕೆ ಮುದ್ರೆ ಒತ್ತಿಸಿಕೊಳ್ಳುವುದು.

ವಿಚಾರಿಸದೆ ಹೊರಟರೆ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2023ರ ಕೊನೆಯಲ್ಲಿ ಕಲಬುರಗಿಯ ಕೆಲವು ಮುಸ್ಲಿಮ್ ಯುವಕರು ಸಹಾಯಕರ ಕೆಲಸವೆಂಬ ಮಾತು ನಂಬಿ ರಷ್ಯಾಕ್ಕೆ ಹೋದರು. ಅಲ್ಲಿ ಅವರನ್ನು ಸೇನೆಗೆ ಸೇರಿಸಿ ಉಕ್ರೇನ್ ಯುದ್ಧರಂಗಕ್ಕೆ ತಳ್ಳಲಾಯಿತು. ಹೀಗೆಯೇ ಹೋದ ಹೈದರಾಬಾದಿನ ಯುವಕನೊಬ್ಬ 2024ರಲ್ಲಿ ಅಲ್ಲೇ ಪ್ರಾಣ ಕಳೆದುಕೊಂಡ. ಸಿಬಿಐ ಮೊಕದ್ದಮೆ ಹೂಡಿತು, ಎರಡು ಸರಕಾರಗಳ ನಡುವೆ ಮಾತುಕತೆ ನಡೆಯಿತು, 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯ ಯುವಕರು ಮನೆಗೆ ಮರಳಿದರು. ಅವರ ತಾಯಂದಿರು ಆ ತಿಂಗಳುಗಳನ್ನು ಹೇಗೆ ಕಳೆದಿರಬಹುದೆಂದು ಯೋಚಿಸಿ. ಆ ಯುವಕರು ಪಾಪಿಗಳಲ್ಲ, ವಂಚಿತರು. ಆದರೆ ಅವರ ವಂಚನೆಯಿಂದ ಪಾಠ ಕಲಿಯದಿದ್ದರೆ ನಾವು ನಮ್ಮ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಗಲ್ಫ್ ನಮಗೆ ಪರಿಚಿತ ಎಂಬ ಧೈರ್ಯವೂ ಸಾಲದು. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರು ಕಿಕ್ಕಿರಿದಿದ್ದ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಭಾರತೀಯರ ಮೃತದೇಹಗಳನ್ನು ವಾಯುಪಡೆಯ ವಿಮಾನದಲ್ಲಿ ತರಬೇಕಾಯಿತು. ಸಂಬಳವನ್ನು ಕೇಳುವ ನಾವು ಮಗ ಮಲಗುವ ಕೋಣೆಯಲ್ಲಿ ಎಷ್ಟು ಜನರಿದ್ದಾರೆಂದು ಕೇಳುತ್ತೇವೆಯೇ? ಕುಟುಂಬ ಸಮೇತ ಸೌದಿಗೆ ಹೋಗುವವರು, ಅಲ್ಲಿ 2017ರ ಜುಲೈಯಿಂದ ಅವಲಂಬಿತರ ಮೇಲೆ ಶುಲ್ಕ ಬಂದಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಆರಂಭವಾದ ಅದು 2020ಕ್ಕೆ 400 ಆಯಿತು. ಆ ದರದಲ್ಲಿ ಹೆಂಡತಿ ಮತ್ತು ಮೂವರು ಮಕ್ಕಳಿಗೆ ತಿಂಗಳಿಗೆ 1,600 ರಿಯಾಲ್. ಎಷ್ಟೋ ಕುಟುಂಬಗಳು ಈ ಕಾರಣಕ್ಕೇ ಊರಿಗೆ ಮರಳಿದವು. ಪಶ್ಚಿಮದ ದೇಶಗಳ ಕಾನೂನೂ ನಿಂತ ನೀರಲ್ಲ. 2024ರಲ್ಲಿ ಕೆನಡಾ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಅದೇ ವರ್ಷ ಬ್ರಿಟನ್ ಹೆಚ್ಚಿನ ವಿದ್ಯಾರ್ಥಿಗಳಿಗೆ ಕುಟುಂಬ ಕರೆತರುವ ಅವಕಾಶವನ್ನು ನಿಲ್ಲಿಸಿತು. ಹತ್ತು ವರ್ಷ ಹಿಂದೆ ಹೋದ ಚಿಕ್ಕಪ್ಪನ ಮಗನ ಅನುಭವ ಇಂದಿನ ಕಾನೂನಿಗೆ ಪ್ರಮಾಣವಲ್ಲ.

ಹಾಗಾದರೆ ವಿಚಾರಿಸಬೇಕಾದುದು ಏನು? ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟ್‌ಗೆ, ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು, ಸರಕಾರದ ವಲಸೆ ಅನುಮತಿ ಬೇಕು. ಇದು ಅಡ್ಡಿಯಲ್ಲ, ರಕ್ಷಣೆ. ಇದನ್ನು ತಪ್ಪಿಸಲು ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆಂದು ಯಾರಾದರೂ ಹೇಳಿದರೆ ಅವನನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿ. ಏಜೆಂಟನಿಗೆ ಪರವಾನಗಿ ಇದೆಯೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಲಕ್ಷಗಟ್ಟಲೆ ಕೇಳುವವನು ಏನನ್ನು ಮಾರುತ್ತಿದ್ದಾನೆಂದು ನೀವೇ ಊಹಿಸಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಕೆಲವೇ ನೂರು ರೂಪಾಯಿಗೆ ಅಪಘಾತದ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಗಳ ರಕ್ಷಣೆಯಿದೆ.

ಆಝಾದ್ ವೀಸಾ ಎಂಬ ಮೋಹಕ ಹೆಸರನ್ನೂ ನೀವೆಲ್ಲ ಕೇಳಿದ್ದೀರಿ. ಕಾಗದದಲ್ಲಿ ಒಬ್ಬ ಯಜಮಾನ, ದುಡಿಯುವುದು ಇನ್ನೆಲ್ಲೋ. ಹಾಗೆ ದುಡಿಯುವವನು ಸಿಕ್ಕಿಬಿದ್ದರೆ ಅಲ್ಲಿನ ಕಾನೂನಿನ ಕಣ್ಣಿನಲ್ಲಿ ಅಪರಾಧಿ, ಸಂಬಳ ಸಿಗದಿದ್ದರೆ ದೂರು ಕೊಡಲೂ ಆಗದವನು. ಅದರಲ್ಲಿ ಆಝಾದಿ ಇರುವುದು ಹೆಸರಿನಲ್ಲಿ ಮಾತ್ರ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದನ್ನು ಕುರಿತದ್ದು. ಅಷ್ಟು ವಿವರವಾಗಿ ಬರವಣಿಗೆಯನ್ನು ಕಲಿಸಿದ ಗ್ರಂಥದ ಅನುಯಾಯಿಗಳು ಮಗನ ಬದುಕನ್ನು ಬಾಯಿಮಾತಿನ ಮೇಲೆ ಕಳಿಸಬಹುದೇ?

ವಿಚಾರಣೆಯ ಜೊತೆಗೆ ಸಮಾಲೋಚನೆಯೂ ಬೇಕು. ಸತ್ಯವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುತ್ತದೆಂದು ಕುರ್‌ಆನ್ ತಿಳಿಸುತ್ತದೆ. ಆದರೆ ನಮ್ಮ ಮನೆಗಳಲ್ಲಿ ಸಮಾಲೋಚನೆಗೆ ಕೂರುವವರು ಯಾರು? ಮಾವ, ಭಾವ, ಏಜೆಂಟ್. ಹತ್ತು ವರ್ಷ ಒಂಟಿಯಾಗಿ ಮಕ್ಕಳನ್ನು ಸಾಕಬೇಕಾದ ಹೆಂಡತಿ ಒಳಗೆ ಚಹಾ ಮಾಡುತ್ತಿರುತ್ತಾಳೆ! ಸೈನಿಕರ ಪತ್ನಿಯರು ಎಷ್ಟು ಕಾಲ ಅಗಲಿಕೆ ತಾಳಬಲ್ಲರೆಂದು ಹ. ಉಮರ್(ರ) ತಮ್ಮ ಮಗಳು ಹ. ಹಫ್ಸಾರಲ್ಲಿ(ರ) ಕೇಳಿ, ಅದರಂತೆ ಸೇನೆಯ ಅವಧಿಗೆ ಮಿತಿ ಹಾಕಿದರೆಂದು ವರದಿಯಾಗಿದೆ. ಖಲೀಫರು ಕೇಳಿದ ಪ್ರಶ್ನೆಯನ್ನು ಗಂಡನು ಕೇಳಬಾರದೇ? ವೃದ್ಧ ತಾಯಿಯ ಔಷಧಿ ತರುವವರು ಯಾರು, ಮಗಳ ಓದನ್ನು ನೋಡಿಕೊಳ್ಳುವವರು ಯಾರು ಎಂಬುದು ಕೂಡಾ ಇಸ್ತಿಖಾರದ ವಿಷಯವೇ.

ಇನ್ನೊಂದು ಸೂಕ್ಷ್ಮ ಮಾತು ಹೇಳಬೇಕು. ಇತ್ತೀಚಿನ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಅಲ್ಲದೆ, ಭಯದಿಂದ ದೇಶ ಬಿಡುವ ಮಾತು ವಿದ್ಯಾವಂತ ಕುಟುಂಬಗಳಲ್ಲಿ ಕೇಳಿಬರುತ್ತಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ, ನಮ್ಮದೇ ರಾಜ್ಯದಲ್ಲಿ 2022ರ ಹಿಜಾಬ್ ಆದೇಶ, 2023ರಲ್ಲಿ 2ಬಿ ಮೀಸಲಾತಿಯನ್ನು ರದ್ದುಗೊಳಿಸಲು ನಡೆದ ಪ್ರಯತ್ನ, ಇವೆಲ್ಲ ಮನಸ್ಸುಗಳಿಗೆ ಗಾಯ ಮಾಡಿವೆ. ಆ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಲ್ಲಾಹನ ಭೂಮಿ ವಿಶಾಲವಾಗಿದೆ, ಹೋಗುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಭಯದ ಬಿಸಿಯಲ್ಲಿ ತೆಗೆದುಕೊಂಡ ತೀರ್ಮಾನವನ್ನು ಹಿಜ್ರತ್ ಎಂದು ಕರೆಯುವ ಮುನ್ನ ಯೋಚಿಸೋಣ. ಎಲ್ಲ ಓದಿದವರೂ ಹೊರಟರೆ, ಉಳಿಯುವ ಬಡವನ ಪರವಾಗಿ ನ್ಯಾಯಾಲಯದಲ್ಲಿ, ಶಾಲೆಯಲ್ಲಿ, ಪಂಚಾಯತ್‌ನಲ್ಲಿ ಮಾತಾಡುವವರು ಯಾರು? ಈ ನಾಡು ನಮ್ಮದು. ಇಲ್ಲಿನ ನೆರೆಹೊರೆಯವರು ನಮ್ಮ ಮದುವೆಗೂ ಮರಣಕ್ಕೂ ಬರುವವರು. ಇಸ್ಲಾಮೀ ದ್ವೇಷ ದೂರದ ದೇಶಗಳಲ್ಲಿ ಇಲ್ಲವೆಂದು ನಂಬುವುದೂ ಭ್ರಮೆಯೇ.

ಆದ್ದರಿಂದ ಉಳಿಯುವುದನ್ನೂ ಒಂದು ಆಯ್ಕೆಯೆಂದು ಪಟ್ಟಿಯಲ್ಲಿ ಬರೆಯಿರಿ. ಗುಬ್ಬಿ ತಾಲೂಕಿನಲ್ಲೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ತುಮಕೂರಿನ ವಸಂತನರಸಾಪುರದಲ್ಲಿ ವಿಶಾಲವಾದ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಕೆಲಸ ಸುಲಭವಾಗಿ ಸಿಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಏಜೆಂಟನಿಗೆ ಕೊಡುವ ಹಣದಲ್ಲಿ ಮಗನಿಗೆ ಐಟಿಐ ಅಥವಾ ಡಿಪ್ಲೊಮಾ ಮಾಡಿಸಿದರೆ, ಅವನು ಇಲ್ಲಿ ಉಳಿದರೂ ಬೆಲೆಯುಳ್ಳವನು, ಹೊರಗೆ ಹೋದರೂ ಬೆಲೆಯುಳ್ಳವನು. ಮದೀನಾಕ್ಕೆ ಬರಿಗೈಯಲ್ಲಿ ಬಂದ ಹ. ಅಬ್ದುರ್ರಹ್ಮಾನ್ ಬಿನ್ ಔಫ್‌ರಿಗೆ(ರ) ಅನ್ಸಾರ್ ಸಹೋದರ ತನ್ನ ಅರ್ಧ ಸಂಪತ್ತನ್ನೇ ಕೊಡಲು ಬಂದಾಗ, ಅವರು ಅವನಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ಅವರ ಬಳಿ ವ್ಯಾಪಾರದ ಕಸುಬು ಇತ್ತು. ಕಸುಬು ಇದ್ದವನಿಗೆ ಯಾವ ಊರೂ ಪರವೂರಲ್ಲ.

ಹೊರಟವನು ಅರ್ಧದಾರಿಯಿಂದ ಹಿಂದಿರುಗುವುದೂ ಅವಮಾನವಲ್ಲ. ಹಿಜರಿ 18ರ ಸುಮಾರಿಗೆ ಹ. ಉಮರ್(ರ) ಸಿರಿಯಕ್ಕೆ ಹೋಗುತ್ತಾ ಸರ್ಗ್ ಎಂಬಲ್ಲಿಗೆ ತಲಪಿದಾಗ, ಮುಂದೆ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಅವರು ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು, ಕುರೈಶರ ಹಿರಿಯರನ್ನು ಕೇಳಿದರು. ಕೊನೆಗೆ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹ. ಅಬೂ ಉಬೈದಾ(ರ) ಪ್ರಶ್ನಿಸಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂದು ಉತ್ತರಿಸಿದರು. ಕಣಿವೆಯ ಒಂದು ಮಗ್ಗುಲು ಹಸಿರಾಗಿ ಇನ್ನೊಂದು ಬರಡಾಗಿದ್ದರೆ, ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಆ ಮೇಲೆ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ಊರಿಗೆ ಹೋಗಬಾರದೆಂಬ ಪ್ರವಾದಿ ವಚನವನ್ನು ತಿಳಿಸಿದರು. ನೋಡಿ, ಅಲ್ಲಾಹನ ಮಾರ್ಗದರ್ಶನ ಅಲ್ಲಿ ಸುದ್ದಿಯ ರೂಪದಲ್ಲಿ, ಸಮಾಲೋಚನೆಯ ರೂಪದಲ್ಲಿ, ಬಲ್ಲವರ ಮಾತಿನ ರೂಪದಲ್ಲಿ ಬಂತು. ಕಡಬದ ಕೆರೆಯ ಅಂಗಳದಲ್ಲಿ ಕುರಿ ಮೇಯಿಸುವವನಿಗೂ ಹಸಿರು ಎಲ್ಲಿದೆಯೆಂದು ಕಣ್ಣಿಟ್ಟು ನೋಡಲು ಗೊತ್ತು. ನೋಡುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವಲ್ಲ. ಕಣ್ಣು ಕೊಟ್ಟವನೂ ಅವನೇ.

ಕೊನೆಯದಾಗಿ ಜಮಾಅತಿನ ಜವಾಬ್ದಾರಿ. ಪ್ರತಿಯೊಂದು ಮಸೀದಿಯಲ್ಲೂ ಜುಮಾದ ನಂತರ ಅರ್ಧ ಗಂಟೆ ಕೂರುವ ಇಬ್ಬರು ಓದಿದ ಯುವಕರು ಸಾಕು. ಏಜೆಂಟನ ಪರವಾನಗಿ ನೋಡಿಕೊಡಲಿ, ಒಪ್ಪಂದವನ್ನು ಓದಿ ಅರ್ಥ ಹೇಳಲಿ, ಹೋದವನ ಪಾಸ್‌ಪೋರ್ಟ್ ಪ್ರತಿ, ಯಜಮಾನನ ವಿಳಾಸ, ಅಲ್ಲಿನ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ಮನೆಯವರ ಬಳಿ ಇರುವಂತೆ ನೋಡಿಕೊಳ್ಳಲಿ. ಬಡ್ಡಿಯಿಲ್ಲದ ಸಾಲಕ್ಕೆ ಉಳ್ಳವರು ಕೈಜೋಡಿಸಲಿ. ಬರಿಗೈಯಲ್ಲಿ ಮರಳಿ ಬಂದವನನ್ನು ಏನು ತಂದೆ ಎಂದು ಕೇಳುವ ಬದಲು ಹೇಗಿದ್ದೀ ಎಂದು ಕೇಳುವ ಊರಾಗಲಿ ನಮ್ಮದು. ಆ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಂದಿ ಅನ್ಯಾಯ ಸಹಿಸಿಕೊಂಡು ಅಲ್ಲೇ ಉಳಿಯುತ್ತಾರೆ.

ಹೋಗುವವರು ಹೋಗಲಿ, ಉಳಿಯುವವರು ಉಳಿಯಲಿ. ಯಾವುದನ್ನು ಆರಿಸಿದರೂ ಮೊದಲು ವಿಚಾರಿಸೋಣ, ಮನೆಯವರೊಂದಿಗೆ ಸಮಾಲೋಚಿಸೋಣ, ತೆರೆದ ಮನಸ್ಸಿನಿಂದ ಇಸ್ತಿಖಾರ ಮಾಡೋಣ. ಅನಂತರ ಫಲವನ್ನು ಅಲ್ಲಾಹನಿಗೆ ಬಿಡೋಣ. ನಮ್ಮ ಮಕ್ಕಳಿಗೆ ಅವನು ಹಲಾಲ್ ಆದ ಅನ್ನವನ್ನೂ, ನ್ಯಾಯ ಸಿಗುವ ನೆಲವನ್ನೂ, ಕಾಯುವ ತಾಯಂದಿರಿಗೆ ನೆಮ್ಮದಿಯನ್ನೂ ಕರುಣಿಸಲಿ. ಆಮೀನ್.